ಸಡಿಲ ಸ್ಪ್ರಿಂಗು

ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತೇ ಅರ್ಧ ಆಯುಷ್ಯ ಕಳೆದ ಮನುಷ್ಯ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದುಂಟೆ? ಅವಳ ಅಪ್ಪ ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಸೇರಿಕೊಂಡರು. ಗುರಿಯ ಕಾಗದಕ್ಕೆ ಎದುರಾಗಿ ಕೈ ಚಾಚಿ ನಿಂತರೆ ಒಂದಿಷ್ಟೂ ಕದಲುತ್ತಿರಲಿಲ್ಲವಾದ್ದರಿಂದ ಅಲ್ಲಿಯವರು ಅವರಿಗೆ ಗೂಟ ಎಂದೇ ಹೆಸರಿಟ್ಟಿದ್ದರು. ಅಪ್ಪನಿಗೆ ಅದು ಬಿರುದು ಸಿಕ್ಕಷ್ಟು ಹಿಗ್ಗು.

ಅಲ್ಲಿಯವರೆಗೂ ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆಯುತ್ತಿದ್ದವರು ಈಗ ಸ್ವಂತದ್ದೊಂದು ತಂದರು. ಅದೇ ಕ್ಲಬ್ಬಿನ ಹಲ್ಲಿನ ಡಾಕ್ಟರು ಕಣ್ಣು ಮಂಜಾಯಿತೆಂದು ಆಟ ಬಿಟ್ಟು, ತಮ್ಮದನ್ನು ಇವರಿಗೆ ಮಾರಿದ್ದರು. ಲೈಸೆನ್ಸಿನ ಓಡಾಟವೆಲ್ಲ ಮುಗಿದು ಅದು ಮನೆಗೆ ಬಂದ ದಿನ ಅಪ್ಪ ಅದನ್ನು ಒರೆಸಿದ್ದೇ ಒರೆಸಿದ್ದು.

"ಮಲಗಿಸೋಕೆ ತೊಟ್ಟಿಲು ಕಟ್ಟಲಾ?" ಅಂದರು ಅಮ್ಮ.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. "ಟೋಪಿ ಹಾಕಿದ ಕಣೇ ಆ ಹಲ್ಲು ಕೀಳೋನು!" ಎನ್ನುತ್ತ ಅಪ್ಪ ಒಂದು ಬೆಳಗ್ಗೆ ಮಗಳ ಅಂಗಡಿಗೆ ಬಂದು ಪಿಸ್ತೂಲಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

ಅವಳದು ಬಂದೂಕು ರಿಪೇರಿಯ ಅಂಗಡಿ. ಕೆಲಸ ಕಲಿಸಿದ್ದು ಸೋದರಮಾವ. ಮಾವ ಕಣ್ಮುಚ್ಚಿದ ಮೇಲೆ ಅಂಗಡಿಯೂ ಅವಳ ಪಾಲಿಗೇ ಬಂತು. ಎಣ್ಣೆ ಕುಡಿದು ಕಪ್ಪಾದ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರಗಳು, ಹಿಂದೆ ಮರಳಿನ ಮೂಟೆ ಪೇರಿಸಿದ ಉದ್ದನೆಯ ಕೋಣೆ. ರಿಪೇರಿಯಾದದ್ದನ್ನು ಅಲ್ಲೇ ಹೊಡೆದು ನೋಡುವುದು.

"ಏನಾಗ್ತಿದೆ, ಸರಿಯಾಗಿ ಹೇಳಿ ಅಪ್ಪ."

"ಒಂದೆರಡು ಗುಂಡು ಹಾರುತ್ತೆ. ಆಮೇಲೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗೆ ನಿಂತುಬಿಡುತ್ತೆ. ಖಾಲಿ ತೋಟೆ ಹೊರಗೂ ಬೀಳಲ್ಲ, ಒಳಗೂ ಇರಲ್ಲ, ಅರ್ಧದಲ್ಲಿ ಕಚ್ಚಿಕೊಳ್ಳುತ್ತೆ. ಎಲ್ಲರೆದುರು ಮಾನ ಹೋಯ್ತು."

ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಅದನ್ನು ಬಿಚ್ಚಿದಳು. ತೋಟೆಯನ್ನು ಹಿಡಿದೆಳೆಯುವ ಕೊಕ್ಕೆ ಸವೆದಿರಬಹುದೆಂದು ನೋಡಿದರೆ ಅದು ಚೂಪಾಗಿಯೇ ಇತ್ತು. ಒಳಗಿನ ಮಸಿ ಉಜ್ಜಿ ತೆಗೆದು, ಹಿಂದಿನ ಕೋಣೆಯಲ್ಲಿ ಹೊಡೆದು ನೋಡಿದಳು. ಸರಾಗ. ಅಪ್ಪ ಒಯ್ದವರು ಮತ್ತೆ ತಂದರು. ಮ್ಯಾಗಜೀನಿನ ಬಾಯಿ ಸೊಟ್ಟಗಾಗಿರಬಹುದೆಂದು ಅದನ್ನೂ ಬದಲಿಸಿದಳು. ಅವಳ ಕೈಯಲ್ಲಿ ಮತ್ತೆ ಸರಾಗ. ಅಪ್ಪ ಮತ್ತೆ ವಾಪಸ್ಸು ತಂದಾಗ ಹೇಳಿದಳು, "ನೀವೇ ಹೊಡೀರಿ, ನಾನು ನೋಡ್ತೀನಿ."

ಈ ಸಲ ಅವಳು ಪಿಸ್ತೂಲನ್ನು ಬಿಟ್ಟು ಅಪ್ಪನ ಕೈಯನ್ನು ನೋಡಿದಳು. ಗುಂಡು ಹಾರಿದೊಡನೆ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಜಾರಬೇಕು. ಆ ರಭಸಕ್ಕೇ ಖಾಲಿ ತೋಟೆ ಹೊರಬೀಳಬೇಕು. ಅದಕ್ಕೆ ಹಿಡಿದ ಕೈ ಗಟ್ಟಿ ನಿಲ್ಲಬೇಕು. ಮಣಿಕಟ್ಟು ಸೋತರೆ ರಭಸವೆಲ್ಲ ಕೈಯಲ್ಲೇ ಕರಗಿಹೋಗುತ್ತದೆ. ಅಪ್ಪನ ಮಣಿಕಟ್ಟು ಪ್ರತಿ ಏಟಿಗೂ ಬಾಡಿದ ಸೊಪ್ಪಿನ ದಂಟಿನ ಹಾಗೆ ಬಾಗುತ್ತಿತ್ತು.

ಚಿಕ್ಕಂದಿನಲ್ಲಿ ಅವಳನ್ನು ರಸ್ತೆ ದಾಟಿಸುವಾಗ ನೋಯುವಷ್ಟು ಬಿಗಿ ಹಿಡಿಯುತ್ತಿದ್ದ ಕೈ ಅದು.

"ಗೊತ್ತಾಯ್ತಾ?" ಅಪ್ಪ ಕೇಳಿದರು.

"ಸ್ಪ್ರಿಂಗು," ಅಂದುಬಿಟ್ಟಳು. "ಹಳೇದಾಗಿದೆ."

"ನಾನು ಹೇಳಲಿಲ್ವಾ! ಆ ಡಾಕ್ಟರನ್ನ ಸುಮ್ನೆ ಬಿಡಲ್ಲ."

"ಅವರಿಗೇನು ಗೊತ್ತಿರುತ್ತೆ, ಬಿಡಿ."

ಬಾಗುವ ಕೈಯಲ್ಲೂ ಮೇಲ್ಭಾಗ ಸಲೀಸಾಗಿ ಹಿಂದೆ ಜಾರಿ ತೋಟೆ ಕಚ್ಚಿಕೊಳ್ಳದ ಹಾಗೆ ಸ್ವಲ್ಪ ಸಡಿಲವಾದ ಸ್ಪ್ರಿಂಗು ಹಾಕಿಕೊಟ್ಟಳು. ಚೆನ್ನಾಗಿಯೇ ಇದ್ದ ಹಳೇ ಸ್ಪ್ರಿಂಗನ್ನು ಅಪ್ಪನ ಕಣ್ಣಿಗೆ ಬೀಳದ ಹಾಗೆ ಡ್ರಾಯರಿಗೆ ಹಾಕಿದಳು.

ಸಂಜೆ ಅಡುಗೆಮನೆಗೆ ಹೋದರೆ ಅಮ್ಮ ಸಕ್ಕರೆ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಹಾಗೇ ಮೇಲೆ ಕೂರಿಸಿಡುತ್ತಿದ್ದರು.

"ಅದೇನಮ್ಮಾ, ತೆಗೆದು ಮತ್ತೆ ಮುಚ್ತಿದೀಯ?"

ಅಮ್ಮ ಹಜಾರದ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಟೀಗೆ ಸಕ್ಕರೆ ಅವರೇ ಹಾಕ್ಕೋಬೇಕಲ್ಲ. ಬೇಸಿಗೆಯಿಂದ ಮುಚ್ಚಳ ತಿರುಗಿಸೋಕಾಗ್ತಿಲ್ಲ. ಕೇಳಿದ್ರೆ ಡಬ್ಬೀನೇ ಸರಿಯಿಲ್ಲ ಅಂತಾರೆ."

"ಡಾಕ್ಟರಿಗೆ ತೋರಿಸಬೇಕಲ್ವಾ?"

"ನೀನೇ ಹೇಳಿ ನೋಡು. ಮನೆ ಹಾರಿಹೋಗೋ ಹಾಗೆ ಕೂಗಾಡ್ತಾರೆ."

ಇಬ್ಬರೂ ಬಾಯಿಗೆ ಸೆರಗು, ಕೈ ಅಡ್ಡ ಹಿಡಿದು ನಕ್ಕರು.

ಮುಂದಿನ ವಾರ ಅಪ್ಪ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಮುಖ ಸಪ್ಪಗಿತ್ತು.

"ಮತ್ತೆ ಕಚ್ಚಿಕೊಳ್ತಾ?"

"ಇಲ್ಲ, ಬೆಣ್ಣೆ ಹಾಗೆ ಹೋಯ್ತು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದ್ರು. ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವರು ಪಿಸ್ತೂಲು ಇಸ್ಕೊಂಡು ಮೇಲ್ಭಾಗ ಹಿಂದಕ್ಕೆ ಎಳೆದು ನೋಡಿ, 'ಇಷ್ಟು ಹಗುರ ಇರಲಿಲ್ವಲ್ಲ' ಅಂದ್ರು. ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ್ರು." ಅಪ್ಪ ಕೈ ಚಾಚಿ ಕೇಳಿದರು, "ಹಳೇ ಸ್ಪ್ರಿಂಗು ಎಲ್ಲಿ?"

ಅವಳು ಡ್ರಾಯರಿನಿಂದ ತೆಗೆದುಕೊಟ್ಟಳು.

"ಚೆನ್ನಾಗೇ ಇದೆ ಅಲ್ವಾ ಇದು?"

ಅವಳು ಹೌದೆಂದು ತಲೆಯಾಡಿಸಿದಳು.

"ಕೈ ನನ್ನದು ಕಣೇ. ಅದು ಹೋಗ್ತಾ ಇರೋದು ನನಗೆ ಗೊತ್ತಾಗಲ್ವಾ? ನಿಮ್ಮಮ್ಮ ಡಬ್ಬಿ ಮುಚ್ಚಳ ಸಡಿಲ ಮಾಡಿಡ್ತಾಳೆ, ನಾನು ಏನೂ ಗೊತ್ತಿಲ್ಲದವನ ಹಾಗೆ ತೆಗೀತೀನಿ. ಅವಳಿಗೂ ಒಂದು ಸಮಾಧಾನ. ಈಗ ನೀನೂ ಶುರು ಹಚ್ಕೊಂಡೆ. ನಮ್ಮ ಮನೆ ನಾಟಕದ ಕಂಪನಿ ಆಗಿಹೋಯ್ತು."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. ಅಪ್ಪನ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. "ಇಲ್ಲಿ ಜೋಮು ಹಿಡಿಯುತ್ತಾ? ಇಲ್ಲಿ?"

"ಬೆಳಗ್ಗೆ ಹೊತ್ತು ಜಾಸ್ತಿ."

"ಯಾಕಪ್ಪ ಹೇಳಲಿಲ್ಲ?"

"ಹೇಳಿದ್ರೆ ನಿಜ ಆಗಿಬಿಡುತ್ತಲ್ಲ ಅಂತ," ಅಂದರು ಅಪ್ಪ, ಮಗುವಿನ ಹಾಗೆ.

ಅವತ್ತೇ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ, ಸಣ್ಣ ಆಪರೇಷನ್ ಬೇಕು, ಹೋದ ಶಕ್ತಿಯಲ್ಲಿ ಒಂದಷ್ಟು ಬರುತ್ತೆ, ಪೂರ್ತಿ ಬರಲ್ಲ ಎಂದರು ಅಲ್ಲಿಯ ಡಾಕ್ಟರು. ಹಿಂದಿರುಗುವಾಗ ಅಪ್ಪ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಇಳಿದು, ಕಾದು ಕೂತವರೆಲ್ಲರ ಎದುರಿಗೇ ಹೇಳಿದರು: "ಪಿಸ್ತೂಲು ಸರಿಯಾಗೇ ಇತ್ತು. ಸುಮ್ಮನೆ ನಿಮ್ಮನ್ನ ಬೈದೆ. ಮನಸ್ಸಿನಲ್ಲಿ ಇಟ್ಕೋಬೇಡಿ."

"ಹಾಗಾದ್ರೆ ಬಂದು ಕುರ್ಚೀಲಿ ಕೂತ್ಕೊಳ್ಳಿ," ಅಂದರು ಡಾಕ್ಟರು. "ಒಂದು ಹಲ್ಲು ಕಿತ್ತರೆ ಲೆಕ್ಕ ಸರಿಹೋಗುತ್ತೆ."

ಆಪರೇಷನ್ನಿನ ಗಾಯ ಮಾಗಿದ ಮೇಲೆ ಅಪ್ಪ ಎರಡೂ ಕೈಯಲ್ಲಿ ಹಿಡಿದು ಹೊಡೆಯುವುದನ್ನು ಮೊದಲಿಂದ ಕಲಿತರು. ಕ್ಲಬ್ಬಿನ ಪಂದ್ಯದಲ್ಲಿ ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಜಾಗ ಬಂತು. ಅವತ್ತು ಮೊದಲ ಬಾರಿಗೆ ಅಮ್ಮನೂ ನೋಡಲು ಬಂದಿದ್ದರು.

"ಒಂದು ಕಾಗದ ತೂತು ಮಾಡೋಕೆ ಇಷ್ಟು ಒದ್ದಾಟವಾ?" ಅಂದರು.

"ಬಾ, ನೀನೇ ಒಂದು ಹೊಡಿ ನೋಡೋಣ," ಅಂದರು ಅಪ್ಪ.

ಉಸ್ತುವಾರಿಯವರು ನಕ್ಕು ಒಪ್ಪಿಗೆ ಕೊಟ್ಟರು. ಮಗಳು ಅಮ್ಮನ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿದಳು. ಅಪ್ಪ ಹಿಂದೆ ನಿಂತು ಅಮ್ಮನ ಕೈಗಳ ಸುತ್ತ ತಮ್ಮ ಎರಡೂ ಕೈ ತಂದು ಆತುಕೊಂಡರು. ಅಮ್ಮ ಕಣ್ಣು ಗಟ್ಟಿ ಮುಚ್ಚಿ ಒತ್ತಿದರು. ಗುಂಡು ಕಾಗದದ ಹತ್ತಿರಕ್ಕೂ ಹೋಗಲಿಲ್ಲ. ಖಾಲಿ ತೋಟೆ ಮಾತ್ರ ಚಿಮ್ಮಿ ನೆಲದ ಮೇಲೆ ಟಣ್ ಎಂದು ಉರುಳಿತು.

"ಬಿತ್ತಾ?" ಕಣ್ಣು ಬಿಡದೆಯೇ ಅಮ್ಮ ಕೇಳಿದರು.

"ಬಿತ್ತು, ಬಿತ್ತು," ಅಂದರು ಅಪ್ಪ.