ಅಮ್ಮ ಕೂರುತ್ತಿದ್ದ ಸ್ಟೆಪ್ನಿ

ಡಿಕ್ಕಿಯಲ್ಲಿ ಜಾಗ ಇದ್ದದ್ದು ಒಂದಕ್ಕೇ. ಸ್ಟೆಪ್ನಿ ಇಟ್ಟರೆ ಅಮ್ಮನ ಗಾಲಿಕುರ್ಚಿ ಹಿಡಿಯುತ್ತಿರಲಿಲ್ಲ, ಕುರ್ಚಿ ಇಟ್ಟರೆ ಸ್ಟೆಪ್ನಿ ಹೊರಗೆ. ಅಪ್ಪ ಬೆಳಿಗ್ಗೆಯಿಂದ ಕುರ್ಚಿಯನ್ನು ಮಡಚಿ, ತಿರುಗಿಸಿ, ಅಡ್ಡ ಹಾಕಿ ನೋಡುತ್ತಿದ್ದರು. ಏನು ಮಾಡಿದರೂ ಡಿಕ್ಕಿಯ ಬಾಗಿಲು ಒಂದು ಗೇಣು ಮೇಲೇ ನಿಲ್ಲುತ್ತಿತ್ತು.

ಹೋಗಬೇಕಾಗಿದ್ದುದು ದೊಡ್ಡಮ್ಮನ ಮನೆಗೆ, ಅರ್ಧ ದಿನದ ದಾರಿ. ದೊಡ್ಡಮ್ಮನ ಕಣ್ಣು ಮಂಜಾಗುತ್ತಾ ಬಂದಿತ್ತು. ದೃಷ್ಟಿ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. “ಅಕ್ಕನಿಗೆ ನನ್ನ ಮುಖ ಕಾಣೋವಾಗಲೇ ಹೋಗಿ ಬರಬೇಕು” ಎಂದು ಅಮ್ಮ ಹಟ ಹಿಡಿದಿದ್ದಳು. ಅವಳು ಹಟ ಮಾಡುವವಳೇ ಅಲ್ಲ. ಸೊಂಟದ ಮೂಳೆ ಮುರಿದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗಿರಲಿಲ್ಲ, ಹೋಗಬೇಕು ಅಂದಿರಲೂ ಇಲ್ಲ.

ಅಪ್ಪ ಜೀವಮಾನವಿಡೀ ಟ್ಯಾಕ್ಸಿ ಓಡಿಸಿದವರು. ಅದೇ ಟ್ಯಾಕ್ಸಿ ಈಗ ಪರ್ಮಿಟ್ ಕಳೆದುಕೊಂಡು, ಬಣ್ಣ ಬದಲಿಸಿಕೊಂಡು, ನಮ್ಮ ಮನೆಯ ಕಾರಾಗಿದೆ. ಸ್ಟೆಪ್ನಿ ಇಲ್ಲದೆ ಅವರು ಪೆಟ್ರೋಲ್ ಬಂಕಿಗೂ ಹೋದವರಲ್ಲ.

“ಅಪ್ಪಾ, ಈಗ ಹೊಸ ಕಾರುಗಳಿಗೆ ಕಂಪನಿಯವರೇ ಸ್ಟೆಪ್ನಿ ಕೊಡಲ್ಲ” ಎಂದ ಅಣ್ಣ. ಅವನು ಬ್ಯಾಂಕಿನಲ್ಲಿದ್ದಾನೆ. ಹೋದ ವರ್ಷ ಕಾರಿಗೆ ಟ್ಯೂಬ್‌ಲೆಸ್ ಟಯರ್ ಹಾಕಿಸಿದ್ದೂ ಅವನೇ. “ಪಂಕ್ಚರ್ ಕಿಟ್ ಇದೆ, ಗಾಳಿ ತುಂಬೋ ಮಷೀನ್ ಇದೆ. ಇನ್ನೇನು ಬೇಕು?”

“ಟಯರಿನ ಪಕ್ಕೆ ಸೀಳಿದ್ರೆ ನಿನ್ನ ಕಿಟ್ ಹಿಡ್ಕೊಂಡು ಏನು ಮಾಡ್ಲಿ, ಹಾರ ಮಾಡಿ ಹಾಕ್ಕೊಳ್ಳಲಾ?”

“ಫೋನ್ ಮಾಡಿ. ಯಾರಾದ್ರೂ ಬರ್ತಾರೆ.”

“ಬರ್ತಾರೆ ಬರ್ತಾರೆ. ನಿನ್ನ ಮದುವೆಗೆ ಬರಬೇಕಾದ ವ್ಯಾನಿನವನೂ ಬರ್ತೀನಿ ಅಂದಿದ್ದ.”

ಸ್ಟೆಪ್ನಿಯನ್ನು ಹಿಂದಿನ ಸೀಟಿಗೆ ಹಾಕುವಂತಿರಲಿಲ್ಲ, ಅಮ್ಮ ಅಲ್ಲಿ ಕಾಲು ಚಾಚಿ ಕೂರಬೇಕಿತ್ತು. ಅಪ್ಪನ ಕಣ್ಣು ಮುಂದಿನ ಸೀಟಿನ ಮೇಲೆ ಬಿತ್ತು, ಆಮೇಲೆ ನನ್ನ ಮೇಲೆ.

“ಪುಟ್ಟಿ, ನೀನು ಮನೇಲೇ ಇದ್ದುಬಿಡು.”

“ಅಮ್ಮನನ್ನ ಬಾತ್‌ರೂಮಿಗೆ ಸ್ಟೆಪ್ನಿ ಕರ್ಕೊಂಡು ಹೋಗುತ್ತಾ?”

ಅಪ್ಪ ಕೆಮ್ಮಿ, ಮತ್ತೆ ಕುರ್ಚಿ ಮಡಚತೊಡಗಿದರು.

ನಾವು ಚಿಕ್ಕವರಿದ್ದಾಗ ದೊಡ್ಡಮ್ಮನ ಮನೆಗೆ ಪಂಕ್ಚರ್ ಆಗದೆ ಹೋದ ನೆನಪು ನನಗಿಲ್ಲ. ಟ್ಯಾಕ್ಸಿಯ ಟಯರುಗಳು ಬೋಳಾಗಿ, ಒಳಗಿನ ದಾರ ಕಾಣುವವರೆಗೂ ಓಡುತ್ತಿದ್ದವು. ದಾರಿಯಲ್ಲಿ ಎಲ್ಲೋ ಕಾರು ಒಂದು ಕಡೆ ವಾಲುತ್ತಿತ್ತು. ಅಪ್ಪ ಬೈಯುತ್ತಾ ಇಳಿದು, ಮೊದಲು ಸ್ಟೆಪ್ನಿ ತೆಗೆದು, ಹಳದಿ ಬಟ್ಟೆಯಿಂದ ಒರೆಸಿ, ನೆರಳಿಗೆ ಉರುಳಿಸಿ ಮಲಗಿಸುತ್ತಿದ್ದರು. ಅದರ ಮೇಲೆ ಅಮ್ಮ ಕೂರುತ್ತಿದ್ದಳು. ಫ್ಲಾಸ್ಕಿನ ಟೀ, ಬ್ರೆಡ್ಡು, ಬೇಯಿಸಿದ ಮೊಟ್ಟೆ. ನಟ್ಟುಗಳನ್ನು ಚಕ್ರದ ಮುಚ್ಚಳದಲ್ಲಿಟ್ಟುಕೊಂಡು ಕಾಯುವ ಕೆಲಸ ನನ್ನದು, ನನ್ನನ್ನು ಕೆಣಕುವ ಕೆಲಸ ಅಣ್ಣನದು.

ಒಮ್ಮೆ ಅದೇ ದಾರಿಯಲ್ಲಿ ಹಾರನ್ ಮಾಮ ಬಂದ. ಅಪ್ಪನ ಟ್ಯಾಕ್ಸಿ ಸ್ಟ್ಯಾಂಡಿನವನೇ, ಗಂಟಲು ದೊಡ್ಡದು, ಅದಕ್ಕೇ ಆ ಹೆಸರು. ಅಮ್ಮ ಕೂತಿದ್ದನ್ನು ನೋಡಿ ಕೂಗಾಡಿದ.

“ಏನಯ್ಯಾ ಇದು! ಚಕ್ರ ಬಿಚ್ಚೋ ಮುಂಚೆ ಸ್ಟೆಪ್ನೀನ ಗಾಡಿ ಕೆಳಗೆ ತಳ್ಳಬೇಕು, ಜಾಕಿ ಜಾರಿದ್ರೆ ಕೈ ಉಳಿಯುತ್ತೆ ಅಂತ ನಮಗೆಲ್ಲ ಪಾಠ ಹೇಳಿದವನು ನೀನೇ ಅಲ್ವಾ?”

“ಹಾಗಾದ್ರೆ ಇವಳು ಎಲ್ಲಿ ಕೂರ್ತಾಳೆ? ನಿನ್ನ ತಲೆ ಮೇಲಾ?”

ಹಾರನ್ ಮಾಮ ಒಂದು ಮೊಟ್ಟೆ ತಿಂದು ಹೋದ. ಹಳೆ ಚಕ್ರ ಬಿಚ್ಚಿಯಾದ ಮೇಲೆ ಅಪ್ಪ ತಲೆ ಎತ್ತದೆ “ಏಳು” ಅನ್ನುತ್ತಿದ್ದರು. ಅಮ್ಮ ಏಳುತ್ತಿದ್ದಳು.

ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಟಯರ್ ಕೊಳ್ಳುವ ಗತಿ ಇರಲಿಲ್ಲ, ಅಷ್ಟೇ. ಆದರೆ ಅಪ್ಪ ಹಗಲು ಹೊತ್ತಿನಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಪಂಕ್ಚರ್ ಆದಾಗ ಮಾತ್ರ. ಬೋಳು ಟಯರ್ ಕಂಡರೆ ನನಗೆ ಈಗಲೂ ಬೇಯಿಸಿದ ಮೊಟ್ಟೆಯ ವಾಸನೆ ಬರುತ್ತದೆ.

ಬಿಸಿಲೇರಿತು. ಕಿಟಕಿಯ ಪಕ್ಕ ಸೀರೆ ಉಟ್ಟು ತಯಾರಾಗಿ ಕೂತಿದ್ದ ಅಮ್ಮ ತಲೆಯ ಹೂಪಿನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. “ಬಿಡಿ ಅತ್ಲಾಗೆ. ಅಕ್ಕನಿಗೆ ಫೋನ್ ಮಾಡಿ ಹೇಳ್ತೀನಿ, ಆಗಲ್ಲ ಅಂತ.”

“ಆಗಲ್ಲ ಅಂತ ಯಾರು ಅಂದ್ರು?” ಅಪ್ಪನ ದನಿ ಏರಿತು. “ನಡುದಾರೀಲಿ ಗಾಡಿ ಕೈಕೊಟ್ರೆ ನಿನ್ನನ್ನ ಎಲ್ಲಿ ಕೂರಿಸ್ಲಿ, ಹೇಳು. ಸ್ಟೆಪ್ನಿ ಇಲ್ಲದೆ ಎಲ್ಲಿ ಕೂರಿಸ್ಲಿ?”

ಅಮ್ಮ ಅವರನ್ನೇ ನೋಡಿದಳು. “ರೀ, ನಿಮ್ಮ ಕೈಯಲ್ಲಿರೋದೇನು?”

ಅಪ್ಪ ಕೈಯಲ್ಲಿದ್ದ ಕುರ್ಚಿ ನೋಡಿದರು. ಅಣ್ಣ ನಗು ತಡೆಯಲಾರದೆ ಗೇಟಿನ ಹೊರಗೆ ಹೋದ. ಅಪ್ಪ ನಗಲಿಲ್ಲ. ಸ್ಟೆಪ್ನಿಯನ್ನು ಗೋಡೆಗೆ ಒರಗಿಸಿ, ಕುರ್ಚಿಯನ್ನು ಡಿಕ್ಕಿಗೆ ಹಾಕಿದರು. ಬಾಗಿಲು ಸಲೀಸಾಗಿ ಮುಚ್ಚಿಕೊಂಡಿತು. ಅಣ್ಣನನ್ನು ಮನೆಯಲ್ಲಿ ಬಿಟ್ಟು ಹೊರಡುವಾಗ ಮಾತ್ರ ಇಳಿದು ಹೋಗಿ ಸ್ಟೆಪ್ನಿಯ ಮೇಲೆ ಗೋಣಿಚೀಲ ಹೊದಿಸಿ ಬಂದರು.

ದಾರಿಯುದ್ದಕ್ಕೂ ಕಾರು ಆಮೆಯಂತೆ ಹೋಯಿತು. ಸಣ್ಣ ಕಲ್ಲು ಕಂಡರೂ ಅಪ್ಪ ಬ್ರೇಕ್ ಒತ್ತುತ್ತಿದ್ದರು. ಏನೂ ಆಗಲಿಲ್ಲ. ರಸ್ತೆ ಅಗಲವಾಗಿತ್ತು, ಟಯರ್ ಹೊಸದು. ಹಳೆಯ ಮೈಲಿಗಲ್ಲಿನ ಹತ್ತಿರ, ಅಲ್ಲಿ ಉಳಿದಿದ್ದ ಒಂದೇ ಮರದ ಬಳಿ, ಅಮ್ಮ “ನಿಲ್ಲಿಸಿ” ಅಂದಳು.

ಅಪ್ಪ ಕುರ್ಚಿ ಇಳಿಸಿ, ಹಳದಿ ಬಟ್ಟೆಯಿಂದ ಒರೆಸಿ, ನೆರಳಿಗೆ ತಳ್ಳಿದರು. ನಾನೂ ಅವರೂ ಸೇರಿ ಅಮ್ಮನನ್ನು ಕೂರಿಸಿದೆವು. ನಾನು ಟೀ ಬಗ್ಗಿಸಿದೆ. ಅಪ್ಪನಿಗೆ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. ನಾಲ್ಕೂ ಟಯರುಗಳನ್ನು ಒದ್ದು ನೋಡಿ, ಕೊನೆಗೆ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಟೀ ಕುಡಿದರು.

ಲೋಟ ಖಾಲಿಯಾದಾಗ ತಲೆ ಎತ್ತದೆ ಅಂದರು: “ಏಳು.”

ಅಮ್ಮ ಅಂದಳು: “ಏಳೋಕಾದ್ರೆ ಈ ಕುರ್ಚಿ ಯಾಕ್ರೀ?”

ಅಪ್ಪ ತಲೆ ಎತ್ತಿದರು. ಎದ್ದು ಬಂದು ಅವಳ ತೋಳಿನ ಕೆಳಗೆ ಕೈ ಹಾಕಿದರು. ನನ್ನನ್ನು ಕರೆಯಲಿಲ್ಲ.

ದೊಡ್ಡಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅಮ್ಮನ ಕುರ್ಚಿಯನ್ನು ಮಂಡಿಗೆ ಮಂಡಿ ತಾಗುವಂತೆ ನಿಲ್ಲಿಸಿದೆ. ದೊಡ್ಡಮ್ಮ ಬಗ್ಗಿ, ಮೂಗಿಗೆ ಮೂಗು ಬರುವಷ್ಟು ಹತ್ತಿರದಿಂದ, ಬಹಳ ಹೊತ್ತು ನೋಡಿದಳು.

“ಇಷ್ಟು ಬೇಗ ಬಂದ್ರಾ?” ಅಂದಳು. “ಪಂಕ್ಚರ್ ಆಗಲಿಲ್ವೇನೇ?”