ಗೊಂದಾಂಗ್‌ದಿಯಾ ದಾಟಿದ ಮೇಲೆ

ಆ ಭಾನುವಾರ ಮುರ್ನಿಯಾತಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಡೆಪೊಕ್‌ಗೆ ಹೊರಟಿದ್ದಳು. ಹಸಿರು ಕೆಬಾಯಾ ರವಿಕೆ ತೊಟ್ಟು, ತುರುಬು ಕಟ್ಟಿ, ಅಂಟಕ್ಕಿಯ ಸಿಹಿ ತುಂಬಿದ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಹಾಕಿಕೊಂಡಿದ್ದಳು. ಮನೆಯ ಹತ್ತಿರದ ನಿಲ್ದಾಣದಲ್ಲೇ ಡೆಪೊಕ್‌ನ ರೈಲು ಸಿಗುತ್ತಿತ್ತು. ಆದರೆ ಗಂಡ ಪ್ರಮುದ್ಯೊ ಹಿಂದಿನ ದಿನದಿಂದಲೇ ದುಂಬಾಲು ಬಿದ್ದಿದ್ದ.

"ಹಳೇ ಜಪಾನ್ ಗಾಡಿ ಈ ವಾರ ಗುಜರಿಗೆ ಹೋಗತ್ತೆ ಕಣೆ. ಅದು ಹೊರಡೋ ಕೋಟಾ ನಿಲ್ದಾಣಕ್ಕೆ ಹೋಗಿ ಹತ್ತಿದ್ರೆ ಅದ್ರಲ್ಲೇ ಡೆಪೊಕ್‌ಗೆ ಹೋಗ್ಬಹುದು. ಇದೊಂದ್ಸಲ ಬಾ."

ಈ 'ಇದೊಂದ್ಸಲ'ವನ್ನು ಅವಳು ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದಳು. ಹೊಸದರಲ್ಲಿ ಅವನು ಬೊಗೊರ್‌ಗೆ ಹೋಗೋಣವೆಂದಾಗ, ಅಲ್ಲಿನ ದೊಡ್ಡ ಸಸ್ಯತೋಟ ತೋರಿಸುತ್ತಾನೆಂದು ಆಸೆಯಿಂದ ಹೋಗಿದ್ದಳು. ಅವನು ನಿಲ್ದಾಣದ ಗೇಟನ್ನೇ ದಾಟಲಿಲ್ಲ. ಎಂಜಿನ್ನನ್ನು ಬಿಚ್ಚಿ ಗಾಡಿಯ ಇನ್ನೊಂದು ತುದಿಗೆ ಜೋಡಿಸುವುದನ್ನು ಕಣ್ಣರಳಿಸಿ ನೋಡಿ, ಅದೇ ರೈಲಿನಲ್ಲಿ ವಾಪಸು ಕರೆತಂದಿದ್ದ. ವಾರವೆಲ್ಲ ಭೂದಾಖಲೆ ಕಚೇರಿಯಲ್ಲಿ ತಲೆ ತಗ್ಗಿಸಿ ದುಡಿಯುವ ಗುಮಾಸ್ತ, ಭಾನುವಾರ ಬಂತೆಂದರೆ 'ಹಳಿಯ ಗೆಳೆಯರು' ಎಂಬ ಗುಂಪಿನ ಹಿರಿಯ. ಯಾವ ಗಾಡಿ ಎಲ್ಲಿ ಓಡುತ್ತಿದೆ, ಯಾವುದರ ಮೋಟಾರು ಹೇಗೆ ಗುನುಗುತ್ತದೆ, ಬಾಗಿಲು ಮುಚ್ಚುವಾಗ ಯಾವುದು ನಿಟ್ಟುಸಿರಿಡುತ್ತದೆ, ಎಲ್ಲ ಅವನ ನಾಲಗೆಯ ತುದಿಯಲ್ಲಿ. ಬೇಡ ಬೇಡವೆಂದರೂ ಅದೆಲ್ಲ ಮುರ್ನಿಯ ಕಿವಿಗೂ ಇಳಿದಿತ್ತು. ಅಡುಗೆಮನೆಯಲ್ಲಿ ಮೆಣಸಿನಕಾಯಿ ಅರೆಯುತ್ತಲೇ, ಹೊರಗೆ ಹೋದದ್ದು ಯಾವ ಗಾಡಿಯೆಂದು ಅವಳಿಗೆ ತಿಳಿದುಬಿಡುತ್ತಿತ್ತು. ತಿಳಿಯುತ್ತದಲ್ಲ ಎಂದೇ ಮೈ ಉರಿಯುತ್ತಿತ್ತು.

ಅವರು ಕೋಟಾದಲ್ಲಿ ರೈಲು ಹತ್ತಿದಾಗ ಗುಂಪಿನವರೆಲ್ಲ ಚಾಲಕನ ಕೋಣೆಯ ಹಿಂದಿನ ಮೊದಲ ಬೋಗಿಯಲ್ಲಿ ಸೇರಿದ್ದರು. ಅವರಲ್ಲಿ ಆನೆಯಂಥ ಮೈಕಟ್ಟಿನ ಬತಕ್ ಜನಾಂಗದ ಯುವಕ ತಿಗೊರ್ ಅವಳ ಕೆಬಾಯಾ ನೋಡಿ ನಕ್ಕ.

"ಮುರ್ನಿ ಅಕ್ಕಾ, ಗಾಡಿ ಬೀಳ್ಕೊಡೋಕೆ ಇಷ್ಟು ಸಿಂಗಾರ ಮಾಡ್ಕೊಂಡು ಬಂದೋರು ನೀವೊಬ್ರೇ!"

"ನನ್ನ ಸವತಿ ಕಣಪ್ಪ. ಮನೆ ಬಿಟ್ಟು ಹೋಗ್ತಿದಾಳೆ, ಬರದೆ ಇರಕ್ಕಾಗತ್ತಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರಮುದ್ಯೊ.

ಗೊಂದಾಂಗ್‌ದಿಯಾ ನಿಲ್ದಾಣ ದಾಟಿ, ಚಿಕಿನಿ ಸಿಗುವ ಮೊದಲೇ ರೈಲು ನಿಧಾನವಾಗಿ, ಉಸಿರು ಬಿಟ್ಟಂತೆ ನಿಂತುಬಿಟ್ಟಿತು. ದೀಪಗಳು ಆರಿದವು, ತಣ್ಣನೆಯ ಗಾಳಿ ನಿಂತಿತು. ಅಲ್ಲಿ ಹಳಿ ಕಂಬಗಳ ಮೇಲೆ ಎತ್ತರದಲ್ಲಿತ್ತು. ಕೆಳಗೆ ರಸ್ತೆ, ಕೆಟ್ಟುನಿಂತ ಸಿಗ್ನಲ್ ದೀಪ, ಗಲಿಬಿಲಿಗೊಂಡ ವಾಹನಗಳು. ಊರಿಗೆ ಊರೇ ಕರೆಂಟು ಕಳೆದುಕೊಂಡಿತ್ತು.

"ಶ್! ಯಾರೂ ಮಾತಾಡ್ಬೇಡಿ," ಎಂದ ತಿಗೊರ್, ಫೋನು ಮೇಲೆತ್ತಿ. "ಈ ಗಾಡಿ ಸದ್ದೇ ಇಲ್ದೆ ನಿಂತಿರೋದು ಮತ್ತೆ ಸಿಗಲ್ಲ."

ಮೊದಲು ಅದೊಂದು ತಮಾಷೆಯಾಗಿತ್ತು. ಆಮೇಲೆ ಸೆಕೆ ಏರತೊಡಗಿತು. ತಂಪುಯಂತ್ರ ಕೂರಿಸಿದಾಗಲೇ ಕಿಟಕಿಗಳನ್ನು ಭದ್ರವಾಗಿ ಮುಚ್ಚಿಬಿಟ್ಟಿದ್ದರು. ಭುಜಕ್ಕೆ ಭುಜ ತಾಗಿ ನಿಂತವರ ಬೆವರು ಒಬ್ಬರದು ಒಬ್ಬರಿಗೆ ಅಂಟಿತು. ಮಗುವೊಂದು ಅತ್ತು ಅತ್ತು ಸೋತು ಸುಮ್ಮನಾಯಿತು. ಗಾರ್ಡ್ ಒಮ್ಮೆ ಜನರ ನಡುವೆ ನುಸುಳಿ ಬಂದು, "ಬಾಗಿಲು ಮುಟ್ಬೇಡಿ, ಇನ್ನೇನು ಬಂತು ಕರೆಂಟು" ಎಂದು ಹೋದವನು ಮತ್ತೆ ಕಾಣಲಿಲ್ಲ. ಮುರ್ನಿ ತಂಗಿಗೆ ಫೋನು ಮಾಡಲು ನೋಡಿದಳು. ನೆಟ್‌ವರ್ಕೂ ಸತ್ತಿತ್ತು.

ಅವಳೆದುರಿನ ಸೀಟಿನಲ್ಲಿ ಮದುವೆಗೆ ಹೊರಟಿದ್ದ ದಂಪತಿ ಕೂತಿದ್ದರು. ಬಾಟಿಕ್ ಅಂಗಿಯ ದಪ್ಪನೆಯ ಗಂಡಸು ಎದೆ ಹಿಡಿದುಕೊಂಡಿದ್ದ. ಹೆಂಡತಿ ಮದುವೆಯ ಕರೆಯೋಲೆಯಿಂದಲೇ ಗಾಳಿ ಹಾಕುತ್ತ, ಕತ್ತಿಗೆ ನೀಲಗಿರಿ ಎಣ್ಣೆಯಂಥ ಕಾಯುಪುತಿಹ್ ಎಣ್ಣೆ ಸವರುತ್ತಿದ್ದಳು.

"ಏನೂ ಇಲ್ಲ ಕಣೇ, ವಾಯು ಅಷ್ಟೇ," ಎನ್ನುತ್ತಿದ್ದ ಅವನ ತುಟಿಗಳು ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿದ್ದವು.

ಮುರ್ನಿ ಗಂಡನ ತೋಳು ಹಿಡಿದಳು. "ರೀ, ಮೂಲೆ ಸೀಟಿನ ಕೆಳಗೆ ನೀವೇ ಹೇಳ್ತಿದ್ದ ಆ ಹಿಡಿ ಇದೆಯಲ್ಲ, ಎಳೀರಿ. ಬಾಗಿಲು ಸಡಿಲ ಆಗತ್ತೆ."

"ಮೆಲ್ಲಗೆ ಮಾತಾಡು!" ಪ್ರಮುದ್ಯೊ ಸುತ್ತ ನೋಡಿದ. "ಎಷ್ಟು ಎತ್ತರದಲ್ಲಿದೀವಿ ಗೊತ್ತಾ? ಜನ ನುಗ್ಗಿದ್ರೆ ಯಾರಾದ್ರೂ ಕೆಳಗೆ ಬೀಳ್ತಾರೆ."

ಅದು ನಿಜವಾಗಿತ್ತು. ಅಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ: "ಅಲ್ಲದೆ, ನಮ್ಮ ಗುಂಪಿನೋರೇ ತೆಗೆದ್ರು ಅಂತ ಗೊತ್ತಾದ್ರೆ ಮತ್ತೆ ಯಾವತ್ತೂ ಗಾಡಿ ನಿಲ್ಲಿಸೋ ಶೆಡ್ ಒಳಗೆ ನೋಡೋಕೆ ಬಿಡಲ್ಲ ಕಣೆ."

ಮುರ್ನಿ ಅವನ ಮುಖವನ್ನೇ ನೋಡಿದಳು. ತಾನು ಇಂದು ಸಿಕ್ಕಿಬಿದ್ದವಳಲ್ಲ, ಬೊಗೊರ್‌ನಿಂದ ವಾಪಸು ಬಂದ ದಿನದಿಂದಲೂ ಇದೇ ಬೋಗಿಯಲ್ಲಿ ನಿಂತಿದ್ದೇನೆ ಅನ್ನಿಸಿತು. ಇಲ್ಲಿಂದ ಇಳಿದ ಕೂಡಲೇ ಹೇಳಿಬಿಡುತ್ತೇನೆ, ಇನ್ನು ನಿಮ್ಮ ಭಾನುವಾರ ನಿಮಗೆ, ನನ್ನದು ನನಗೆ, ಎಂದುಕೊಂಡಳು.

ಡಬ್ಬಿಯನ್ನು ಅವನ ಕೈಗೆ ತುರುಕಿದಳು. "ತಿಗೊರ್, ಬಾಗಿಲಿಗೆ ಅಡ್ಡ ನಿಲ್ಲು. ನಿಮ್ಮೋರೆಲ್ಲ ಕೈ ಕೈ ಹಿಡ್ಕೊಳ್ಳಿ. ಒಬ್ರೂ ಮುಂದೆ ಬರಬಾರ್ದು." ಆಮೇಲೆ ಬೋಗಿಗೆಲ್ಲ ಕೇಳುವಂತೆ ಕೂಗಿದಳು: "ಗಾಳಿಗೋಸ್ಕರ ಒಂದು ಬಾಗಿಲು ತೆಗೀತೀನಿ! ಯಾರೂ ಇಳಿಯೋ ಹಾಗಿಲ್ಲ. ಕೆಳಗೆ ರಸ್ತೆ ಇದೆ, ಹಾಸಿಗೆ ಅಲ್ಲ!"

ಕೆಬಾಯಾದಲ್ಲೇ ಮಂಡಿಯೂರಿ, ಮುಚ್ಚಳ ಕಿತ್ತು, ಹಿಡಿಯನ್ನೆಳೆದಳು. ಬಾಗಿಲು ಬುಸ್ಸೆಂದಿತು. ತಿಗೊರ್ ಅದನ್ನು ಸರಿಸಿದಾಗ ಬಿಸಿ ಗಾಳಿಯೇ ಬಂತು, ಆದರೂ ಗಾಳಿ. ಹಿಂದಿನಿಂದ ಜನ ಅಲೆಯಂತೆ ಒತ್ತಿದರು, ಹಿಡಿದ ಕೈಗಳ ಸರಪಳಿ ಜಗ್ಗಿತು. ಆಗ ಪ್ರಮುದ್ಯೊ ಡಬ್ಬಿಯನ್ನು ಕೆಳಗಿಟ್ಟು, ಬಾಗಿಲಿನ ಎರಡೂ ಕಂಬಿ ಹಿಡಿದು, ಬಯಲಿಗೆ ಬೆನ್ನು ಕೊಟ್ಟು ಅಂಚಿನಲ್ಲಿ ನಿಂತ.

"ನನ್ನ ತಳ್ಳದೆ ಯಾರೂ ಬೀಳಕ್ಕಾಗಲ್ಲ. ನಿಂತ್ಕೊಳ್ಳಿ," ಎಂದ.

ಜನ ನಿಂತರು. ಬಾಟಿಕ್ ಅಂಗಿಯವನನ್ನು ಬಾಗಿಲ ಬಳಿ ಮಲಗಿಸಿದರು. ನಿಧಾನವಾಗಿ ಅವನ ತುಟಿಗೆ ಬಣ್ಣ ಬಂತು. ಹೆಂಡತಿ ಮುರ್ನಿಯ ಕೈ ಹಿಡಿದವಳು ಬಿಡಲೇ ಇಲ್ಲ.

ಹೊತ್ತು ಇಳಿದು, ನಿಶ್ಚಿತಾರ್ಥದ ಸಮಯವೂ ಮೀರಿದ ಮೇಲೆ ಕರೆಂಟು ಬಂತು. ಪ್ರಮುದ್ಯೊ ತಾನೇ ಬಾಗಿಲು ಮುಚ್ಚಿ ಹಿಡಿಯನ್ನು ಸರಿಮಾಡಿದ. ಮಂಗರಾಯ್ ನಿಲ್ದಾಣದಲ್ಲಿ ರೋಗಿಯನ್ನು ಎತ್ತಿಕೊಂಡು ಹೋದರು. ಗಾರ್ಡ್ ಇಬ್ಬರು ಅಧಿಕಾರಿಗಳೊಂದಿಗೆ ಬಂದು ಕೇಳಿದ: "ಬಾಗಿಲು ತೆಗೆದೋರು ಯಾರು?"

ಮುರ್ನಿ ಬಾಯಿ ತೆರೆದಳು.

"ನಾನೇ," ಎಂದ ಪ್ರಮುದ್ಯೊ.

ಅವನನ್ನು ಕಚೇರಿಗೆ ಕರೆದೊಯ್ದು ಬೈದು, ಎಚ್ಚರಿಸಿ ಕಳಿಸಿದರು. ಶೆಡ್ಡಿನ ಬಾಗಿಲು ಅವನಿಗೆ ಮುಚ್ಚಿತು. ತಮಗೂ ಎಲ್ಲಿ ಮುಚ್ಚುತ್ತದೋ ಎಂಬ ಭಯಕ್ಕೆ ಗೆಳೆಯರು ಅವನನ್ನು ಕರೆಯುವುದನ್ನೇ ಬಿಟ್ಟರು. ತಿಗೊರ್ ಮಾತ್ರ ಒಂದು ಸಂಜೆ ಬಂದು, ಚಹಾ ಕುಡಿದು ಹೋದ. ಪ್ರಮುದ್ಯೊ ಹೆಂಡತಿಯನ್ನು ಒಮ್ಮೆಯೂ ದೂರಲಿಲ್ಲ. ಬೈದಿದ್ದರೆ ಅವಳು ತಿರುಗಿ ಬೈದು, ಮನಸ್ಸಿನಲ್ಲಿದ್ದುದನ್ನು ಕಕ್ಕಿಬಿಡುತ್ತಿದ್ದಳು. ಹೀಗಾಗಿ 'ನಿಮ್ಮ ಭಾನುವಾರ ನಿಮಗೆ' ಎಂಬ ಮಾತು ಹೇಳದೆಯೇ ಉಳಿಯಿತು.

ಕೆಲವು ವಾರಗಳ ನಂತರ, ಶನಿವಾರ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಮುರ್ನಿ, ಬ್ಲೊಕ್ ಎಂ ಕಡೆ ಹೊಸ ಬಸ್ ಬಿಟ್ಟಿದಾರಂತೆ. ಕರೆಂಟ್ ಬಸ್ಸು. ಸದ್ದೇ ಬರಲ್ವಂತೆ." ಅಂಗಿಯ ಗುಂಡಿ ತಿರುವುತ್ತ ನೆಲ ನೋಡಿದ. "ಒಬ್ನೇ ಹೋಗಕ್ಕೆ ಒಂಥರಾ ಆಗತ್ತೆ. ಇದೊಂದ್ಸಲ..."

ಆ ಭಾನುವಾರ ತಂಗಿಯ ಮನೆಯಲ್ಲಿ ಮದುವೆಯ ಬಟ್ಟೆ ನೋಡುವುದಿತ್ತು. ಬರುತ್ತೇನೆಂದು ಮುರ್ನಿ ಮಾತು ಕೊಟ್ಟಿದ್ದಳು. ಒರಳುಕಲ್ಲನ್ನು ತೊಳೆದು ಬೋರಲು ಹಾಕಿದಳು.

"ಎಷ್ಟೊತ್ತಿಗೆ ಹೊರಡ್ಬೇಕು?" ಎಂದು ಕೇಳಿದಳು.