ತಿಮ್ಮ ನಿಂತಿದ್ದ ಜಾಗ

ಕುಂದಾಪುರದ ಹೋಟೆಲಿನ ಎಸಿ ಹಾಲಿನಲ್ಲಿ ಆ ಬೆಳಿಗ್ಗೆ ದೊಡ್ಡವರ ಆಟ ನೋಡಲು ಎರಡು ಕಣ್ಣು ಸಾಲದು. ಮೀನು ಕಂಪನಿಯೊಂದರ ಸಮ್ಮೇಳನ. ಹೊರದೇಶದ ವ್ಯಾಪಾರಿಗಳು, ಕೊಚ್ಚಿಯ ಏಜೆಂಟರು, ಕೋಟು ಹಾಕಿದ ಘನಸ್ಥರೆಲ್ಲ ಕಣ್ಣು ಕಿವಿ ಮುಚ್ಚುವ ವಿಆರ್ ಪೆಟ್ಟಿಗೆ ಕಟ್ಟಿಕೊಂಡು, ಬುಟ್ಟಿಗೆ ಬಿದ್ದ ಏಡಿಗಳ ಹಾಗೆ ಕೈಯಾಡಿಸುತ್ತಿದ್ದರು. ತಾವು ಗಂಗೊಳ್ಳಿಯ ಬೋಟಿನ ಮೇಲೇ ನಿಂತಿದ್ದೇವೆ ಎಂದು ಅವರ ಭಾವನೆ. ತಲೆ ತಿರುಗಿಸಿದತ್ತ ಕಡಲು, ಬಲೆ, ಬಲೆ ಎಳೆಯುವ ಜನ. ಸುತ್ತಲನ್ನೆಲ್ಲ ಒಮ್ಮೆಗೇ ಹಿಡಿಯುವ ಕ್ಯಾಮೆರಾದಲ್ಲಿ ಅದನ್ನು ತೆಗೆದವಳು ಬೈಂದೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ವಿಜೇತಾ. ಎಲ್ಲರೂ ಬಂದು ಅವಳನ್ನು ಹೊಗಳಿದರು.

ಹೊಗಳಿಕೆ ಅವಳ ಮೈಗೆ ಹತ್ತಲಿಲ್ಲ. ಶೂಟಿಂಗಿನ ದಿನ ಬೋಟಿನ ಹಿಂಬದಿಯ ಅಂಚಿನಲ್ಲಿ ಬಲೆ ಎಳೆಯುವ ತಿಮ್ಮ ನಿಂತಿದ್ದ. ಕಂಪನಿ ಕೊಟ್ಟ ಹೊಸ ಲೈಫ್ ಜಾಕೆಟನ್ನು ಉಳಿದವರೆಲ್ಲ ಹಾಕಿಕೊಂಡರೂ ಅವನೊಬ್ಬ, "ಸೆಕೆ ಮಾರಾಯ್ರೆ, ಇದ್ನ ಹಾಯ್ಕಂಡ್ ಬಲೆ ಎಳುಕಾತ್ತಾ?" ಎಂದು ನಕ್ಕು ಬದಿಗೆಸೆದಿದ್ದ. ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ವಾರವೇ ಅಲೆ ಅವನನ್ನು ಎಳೆದುಕೊಂಡಿತು. ಹೆಣವೂ ಸಿಗಲಿಲ್ಲ.

ಆಮೇಲೆ ಕಂಪನಿಯ ಮ್ಯಾನೇಜರ್ ಮನೀಷನ ಫೋನು. "ಜಾಕೆಟ್ ಇಲ್ದಿದ್ ಜನ ಫಾರಿನ್ನವ್ರ್ ಕಣ್ಣಿಗೆ ಬಿದ್ರೆ ನಮ್ ಕಥೆ ಮುಗಿತ್. ಅವ್ನ ತೆಗ್ದ್ ಹಾಕಿ."

ವಿಜೇತಾ ತೆಗೆದುಹಾಕಿದಳು. ಪಕ್ಕದ ಕಡಲಿನ ತುಂಡನ್ನು ತಂದು ತಿಮ್ಮನ ಮೇಲೆ ಹಚ್ಚಿದಳು. ಎಷ್ಟು ಚೆನ್ನಾಗಿ ಹಚ್ಚಿದಳೆಂದರೆ ಅವಳಿಗೇ ಹೇಸಿಗೆಯಾಯಿತು. ಮೊದಲಿನ ಚಿತ್ರವಾದರೂ ಇತ್ತೇ? ಬ್ರಹ್ಮಾವರದ ಯಾವುದೋ ಮೆಹಂದಿಯ ಶೂಟಿಂಗಿಗೆ ಮೆಮೊರಿ ಕಾರ್ಡು ಬೇಕೆಂದು ಅದನ್ನೂ ಖಾಲಿ ಮಾಡಿದ್ದಳು.

ಮಧ್ಯಾಹ್ನ ಕೋಟಿನವರೆಲ್ಲ ಊಟಕ್ಕೆ ಹೋದಾಗ ಬಾಗಿಲಲ್ಲಿ ಪದ್ದು ಕಾಣಿಸಿಕೊಂಡಳು. ತಿಮ್ಮನ ಹೆಂಡತಿ, ತ್ರಾಸಿಯವಳು. ಇದೇ ಕಂಪನಿಯ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಾಳೆ. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಿದ್ದಳು. ಆ ಹೂ ಕಂಡೇ ವಿಜೇತಾಳ ಎದೆ ಧಸಕ್ಕೆಂದಿತು.

"ಬೋಟಿನ್ ಸೂರ ಹೇಳ್ದ, ಮಗಾ. ನಮ್ಮನಿಯವ್ರ್ ಈ ಪೆಟ್ಗಿ ಒಳ್ಗೆ ಇದ್ರಂಬ್ರಲೆ?" ಎಂದಳು ಪದ್ದು. "ಬಪ್ಪ ಆಯ್ತಾರ ಬೊಜ್ಜ ಮಾಡಿ ಉತ್ತರಕ್ರಿಯೆ ಮುಗ್ಸುವ ಅಂತ ಮೈದ್ನ ಹೇಳ್ತಾ. ಹೆಣ ಕಾಣ್ದೆ ಹೂಂ ಅಂಬುಕೆ ನಂಗ್ ಮನ್ಸ್ ಬತ್ತಿಲ್ಲೆ. ಒಂದ್ಸಲ ಮುಖ ಕಾಣ್ತೆ. ಮತ್ತ್ ಬೊಜ್ಜ ಮಾಡ್ಲಿ, ಹೂ ತೆಗಿಲಿ, ಎಂತ ಬೇಕಾರೂ ಮಾಡ್ಲಿ."

ಆಗಲೇ ಹೇಳಿಬಿಡಬೇಕಿತ್ತು. ವಿಜೇತಾ ಹೇಡಿಯ ಹಾಗೆ ಪೆಟ್ಟಿಗೆಯನ್ನು ಪದ್ದುವಿನ ಕಣ್ಣಿಗೆ ಕಟ್ಟಿದಳು.

ಪದ್ದು ಮೆಲ್ಲ ಮೆಲ್ಲ ತಿರುಗಿದಳು. "ಅಗಾ, ಸೂರ" ಎಂದು ನಕ್ಕಳು. ಇನ್ನೂ ತಿರುಗಿದಳು. ಬೋಟಿನ ಹಿಂಬದಿಗೆ ಬಂದು ನಿಂತುಬಿಟ್ಟಳು. ಅಲ್ಲಿ ಅವನಿಲ್ಲವೆಂದು ಇನ್ನು ಅಳುತ್ತಾಳೆ ಎಂದು ವಿಜೇತಾ ಕಾದಳು. ಪದ್ದು ಅಳಲಿಲ್ಲ.

"ಕರಿತ್ರ್" ಎಂದಳು.

"ಯಾರ್, ಪದ್ದಕ್ಕ?"

"ಅವ್ರೇ. ಕಾಣ್ತಿಲ್ಲೆ. ನೀರೊಳ್ಗಿಂದ ಕರಿತ್ರ್."

ವಿಜೇತಾ ಪೆಟ್ಟಿಗೆ ಕಿತ್ತು ತನ್ನ ಕಣ್ಣಿಗಿಟ್ಟುಕೊಂಡಳು. ಇಂಜಿನ್ನಿನ ಸದ್ದು, ಕಡಲಹಕ್ಕಿಗಳ ಕೂಗು. ಹಿಂಬದಿಯಲ್ಲಿ ಬರೀ ಕಡಲು ಏಳುತ್ತ ಇಳಿಯುತ್ತ ಇತ್ತು. ಆ ಬರೀ ಕಡಲಿನಿಂದ, ಕೈಗೆಟುಕುವಷ್ಟು ಹತ್ತಿರದಿಂದ, ತಿಮ್ಮನ ಸ್ವರ: "ಹ್ವಾಯ್! ಇತ್ಲಾಗ್ ಬಾ ಕಾಂಬ!"

ಅಂದು ಹಗ್ಗ ಹಿಡಿಯಲು ಅವನು ಸೂರನನ್ನು ಕರೆದದ್ದು ಅದು. ಮನುಷ್ಯನನ್ನು ಅಳಿಸಿದ ವಿಜೇತಾ ಅವನ ಸ್ವರವನ್ನು ಅಳಿಸಲು ಮರೆತಿದ್ದಳು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅದು ಗದ್ದಲದಲ್ಲಿ ಬೆರೆತುಹೋಗಿತ್ತು. ಈ ಪೆಟ್ಟಿಗೆಯಲ್ಲಿ ಪ್ರತಿ ಸದ್ದೂ ತಾನು ಹುಟ್ಟಿದ ಕಡೆಯಿಂದಲೇ ಕೇಳುತ್ತದೆ. ಕಾರಣವೆಲ್ಲ ಗೊತ್ತಿದ್ದೂ ಅವಳು ಪೆಟ್ಟಿಗೆಯನ್ನು ಕಳಚಿ ಮೇಜಿನ ಮೇಲಿಟ್ಟಳು.

"ಪದ್ದಕ್ಕ, ನಾನೇ ಅಳ್ಸಿದ್ದ್" ಎಂದಳು, ಅಳುತ್ತಲೇ. "ಅವ್ರ್ ಅಲ್ಲೇ ನಿಂತಿದ್ರ್. ಕಂಪನಿಯವ್ರ್ ತೆಗಿ ಅಂದ್ರ್, ನಾ ತೆಗ್ದೆ. ಇದ್ ಆವತ್ತಿನ್ ಸ್ವರ."

"ಹಂಗಾರೆ ಅವ್ರನ್ನ ವಾಪಸ್ ತಂದ್ ಕಾಣ್ಸ್."

"ಇಲ್ಲೆ ಪದ್ದಕ್ಕ. ಈಗಳ್ ಎಲ್ಲಿಯೂ ಇಲ್ಲೆ."

ಪದ್ದು ಅವಳ ತಲೆ ಸವರಿದಳು. ಆ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಅದೇ ವಿಜೇತಾಳಿಗೆ ಭಯ ತಂದದ್ದು. "ನಾ ಹೆದ್ರುಕಾಗ ಅಂತ ನೀ ಸುಳ್ಳ್ ಹೇಳ್ತೆ ಅಲ್ದಾ? ಅಳ್ಬ್ಯಾಡ, ಮಗಾ."

ಸೀರೆಯ ಗಂಟಿನಿಂದ ಮೊಬೈಲು ತೆಗೆದು ಮೈದುನನಿಗೆ ಫೋನು ಮಾಡಿದಳು. "ಹ್ವಾಯ್ ಕರಿಯ, ಭಟ್ರಿಗೆ ಬ್ಯಾಡ ಅಂತ ಹೇಳ್. ನಿನ್ ಅಣ್ಣ ಬಾ ಬಾ ಅಂತ ಕರಿತಿದ್ರ್. ಅವ್ರಿಗೆ ಎಂತ ಬೊಜ್ಜ?" ಅತ್ತ ಕಡೆಯವನು ಏನೋ ಕೂಗಾಡುತ್ತಿದ್ದಂತೆ ಫೋನು ಕಟ್ಟು ಮಾಡಿದಳು.

ಆಮೇಲೆ ತಾನೇ ಪೆಟ್ಟಿಗೆ ಎತ್ತಿ ಕಣ್ಣಿಗೆ ಹಾಕಿಕೊಂಡಳು. ಈ ಸಲ ಸೂರನನ್ನು ಹುಡುಕಲಿಲ್ಲ, ನೇರ ಹಿಂಬದಿಗೇ ತಿರುಗಿದಳು. ಕಿವಿಯೊಳಗೆ ಏನು ಕೇಳಿತೋ, ಗಂಟಲೆತ್ತಿ "ಓ!" ಎಂದಳು. ಖಾಲಿ ಹಾಲು ಆ ಓಗೊಡುವಿಕೆಯಿಂದ ತುಂಬಿಹೋಯಿತು. ಎದುರಿನ ಕಡಲಿನತ್ತ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ವಿಜೇತಾ ಓಡಿಹೋಗಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕೈ ಬಿಡ್, ಮಗಾ" ಎಂದಳು ಪದ್ದು. "ಇಷ್ಟ್ ದಿನ ಅವ್ರ್ ಕರ್ದ್ರೂ ನಾ ಓ ಅನ್ಲೇ ಇಲ್ಲೆ."